ತೈಮಿಯ ವಾಪಸ್ ಚೀಟಿ

ತೈಮಿ ಮೊಯ್ಲನೆನ್ ನನ್ನ ಬರಹವನ್ನು ಇದುವರೆಗೆ ಏಳು ಸಲ ಅಳಿಸಿದ್ದಾಳೆ. ಏಳು ಸಲವೂ ನನಗೆ ಮೈಯೆಲ್ಲ ಉರಿದಿದೆ, ಏಳು ಸಲವೂ ಕೊನೆಗೆ ಅವಳೇ ಸರಿ ಎಂದು ಹಲ್ಲು ಕಚ್ಚಿಕೊಂಡು ಒಪ್ಪಿದ್ದೇನೆ. ಒಂದು ಸಲ ನಾನು ಆಸ್ಕೊ ಕೆಂಪೈನೆನ್ ಬಗ್ಗೆ, 'ಅಣಬೆಗೂ ಇವನಿಗೂ ಇರುವ ವ್ಯತ್ಯಾಸ ಅಣಬೆಗೆ ಗೊತ್ತು, ಇವನಿಗೆ ಗೊತ್ತಿಲ್ಲ' ಎಂದು ಬರೆದಿದ್ದೆ. ಈಗಲೂ ಅದು ಒಳ್ಳೆಯ ವಾಕ್ಯವೇ. ಆದರೆ ನಿಯಮ ಎರಡು ಹೇಳುತ್ತದೆ, ಮನುಷ್ಯರನ್ನು ಹೀಯಾಳಿಸಬಾರದು ಅಂತ. ಅಳಿಸಿದಳು, ಚೀಟಿ ಬರೆದಳು, ಕೆಳಗೆ ತನ್ನ ಹೆಸರು ಹಾಕಿದಳು. ಆ ಚೀಟಿಯನ್ನು ಊರಿಗೆ ಊರೇ ಓದಿತು. ಆಸ್ಕೊ ಮಾತ್ರ ಆ ವಾಕ್ಯವನ್ನು ಅಳಿಸುವ ಮೊದಲೇ ಬರೆದಿಟ್ಟುಕೊಂಡು, ಈಗ ಅದನ್ನು ನನ್ನ ಮೇಲೆಯೇ ಹೇಳಿಕೊಂಡು ತಿರುಗುತ್ತಿದ್ದಾನೆ.

ಇದೆಲ್ಲ ನಡೆಯುವುದು 'ಹಣ್ಣಿನ ಬುಟ್ಟಿ' ಎಂಬ ನಮ್ಮ ವೇದಿಕೆಯಲ್ಲಿ. ಉತ್ತರದ ಚಳಿನಾಡಾದ ನಮ್ಮ ಕೈನೂ ಸೀಮೆಯ ಹಣ್ಣು ಕೊಯ್ಯುವವರು, ಅಣಬೆ ಹುಡುಕುವವರು, ಜಾಮ್ ಕಾಯಿಸುವವರು, ಸುಮ್ಮನೆ ಕೂತು ಇವರೆಲ್ಲರ ಜಗಳ ಓದುವವರು, ಎಲ್ಲ ಸೇರಿ ಸಾವಿರದ ಒಂಬೈನೂರು ಜನ ಇಂಟರ್ನೆಟ್ಟಿನಲ್ಲಿ ಅಲ್ಲಿ ಕೂಡುತ್ತೇವೆ. ಅದನ್ನು ನೋಡಿಕೊಳ್ಳುವ ಅಡ್ಮಿನ್‌ಗಳು ಮೂವರು: ತೈಮಿ, ಆಸ್ಕೊ, ನಾನು. ನಾನು ಹಿರ್ವಿನೀಮಿಯ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ವೇದಿಕೆ ಕೂತಿರುವ ಕಂಪ್ಯೂಟರ್ ಯಂತ್ರದ ಕೀಲಿ ನನ್ನ ಕೈಯಲ್ಲಿದೆ. ಆಸ್ಕೊ ಪುರಸಭೆಯ ರಸ್ತೆ ಇಲಾಖೆಯಿಂದ ನಿವೃತ್ತನಾದವನು, ಮಾತಿನಲ್ಲಿ ಇನ್ನೂ ನಿವೃತ್ತನಾಗಿಲ್ಲ. ಇನ್ನು ತೈಮಿ, ಅರವತ್ತೇಳು ವರ್ಷದವಳು, ಮೂವತ್ತೊಂದು ವರ್ಷ ಅಂಚೆ ಹಂಚಿದವಳು.

ಅವಳ ಅಂಚೆ ಗೊತ್ತಿಲ್ಲದವರಿಗೆ ಅವಳ ಅಡ್ಮಿನ್‌ಗಿರಿ ಅರ್ಥವಾಗುವುದಿಲ್ಲ. ಹಳದಿ ವ್ಯಾನಿನಲ್ಲಿ ದಿನಕ್ಕೆ ನೂರಿಪ್ಪತ್ತು ಕಿಲೋಮೀಟರು, ಎಂಬತ್ತು ಮನೆ. ಕಾಗದ ತಲುಪಿಸಲು ಆಗದಿದ್ದರೆ ಅದಕ್ಕೊಂದು ವಾಪಸ್ ಚೀಟಿ ಅಂಟಿಸಬೇಕು: ಏನು, ಯಾಕೆ, ಯಾರು. ಮನೆ ಬಿಟ್ಟು ಹೋಗಿದ್ದಾರೆ, ತೈಮಿ. ವಿಳಾಸ ಸಾಲದು, ತೈಮಿ. ನಾಯಿ ಬಿಡಲಿಲ್ಲ, ತೈಮಿ. ಚೀಟಿ ಇಲ್ಲದೆ ಒಂದೇ ಒಂದು ಕಾಗದವನ್ನೂ ಅವಳು ವಾಪಸ್ ಕಳಿಸಿದವಳಲ್ಲ. ಕಾಗದ ಬರೆದವನಿಗೆ ಅದು ಯಾಕೆ ತಲುಪಲಿಲ್ಲ ಎಂದು ತಿಳಿಯುವ ಹಕ್ಕಿದೆ, ಯಾರನ್ನು ಬಯ್ಯಬೇಕು ಎಂದು ತಿಳಿಯುವ ಹಕ್ಕು ಅದಕ್ಕಿಂತ ಹೆಚ್ಚು ಇದೆ ಎನ್ನುವುದು ಅವಳ ವಾದ.

ಹಿಂದೆ ಬುಟ್ಟಿಯನ್ನು ದಕ್ಷಿಣದ ಕಡೆಯ ಯಾರೋ ಒಬ್ಬ ನಡೆಸುತ್ತಿದ್ದ. ಅವನಿಗೆ ಹೆಸರಿರಲಿಲ್ಲ, ಬರೀ 'ಅಡ್ಮಿನ್'. ಬೆಳಿಗ್ಗೆ ಬರೆದದ್ದು ಮಧ್ಯಾಹ್ನ ಇರುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಆ ಪ್ರಶ್ನೆಯೂ ಇರುತ್ತಿರಲಿಲ್ಲ. ಇನ್ನೊಮ್ಮೆ ಕೇಳಿದರೆ ಕೇಳಿದವರೇ ಇರುತ್ತಿರಲಿಲ್ಲ. ತೈಮಿ ಒಂದು ದಿನ ಜಾಮಿಗೆ ಬೂಷ್ಟು ಹಿಡಿಯುವುದು ಯಾಕೆ ಎಂದು ಕೇಳಿದ್ದಳು, ಅಷ್ಟೇ. ಅದೂ ಮಾಯ. ಬೂಷ್ಟಿನ ವಿಷಯದಲ್ಲಿ ಏನು ತಪ್ಪಿತ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ತೈಮಿ ಬಿಡುವವಳಾ? ಹುಡುಕಿ ಹುಡುಕಿ ಅವನ ಫೋನ್ ನಂಬರು ಹಿಡಿದು ದಿನಾ ಬೆಳಿಗ್ಗೆ ಎಂಟಕ್ಕೆ, ಅಂಚೆಯ ಹೊತ್ತಿಗೆ ಸರಿಯಾಗಿ, ಕರೆ ಮಾಡತೊಡಗಿದಳು. ಹನ್ನೊಂದನೆಯ ದಿನ ಆ ಮನುಷ್ಯ, 'ನೀವೇ ಇಟ್ಕೊಳ್ಳಿ ತಾಯಿ, ನನಗೆ ಸಾಕಾಯ್ತು' ಎಂದು ಎಲ್ಲವನ್ನೂ ಇವಳ ಕೈಗೆ ಹಾಕಿಬಿಟ್ಟ.

ಹೊಸ ನಿಯಮಗಳನ್ನು ನಮ್ಮ ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಬರೆದೆವು. ಏನನ್ನೇ ಅಳಿಸಿದರೂ ಎಲ್ಲರಿಗೂ ಕಾಣುವ ಒಂದು ಪುಟದಲ್ಲಿ ಚೀಟಿ ಹಾಕಬೇಕು: ಏನು, ಯಾಕೆ, ಯಾರು, ಒಪ್ಪದಿದ್ದರೆ ಎಲ್ಲಿ ಕೇಳಬೇಕು. ಯಾರಾದರೂ ಕೇಳಿದರೆ ಅಳಿಸಿದವರೇ ಮೂರು ದಿನದೊಳಗೆ ಎಲ್ಲರೆದುರು ಉತ್ತರ ಕೊಡಬೇಕು. ಅಡ್ಮಿನ್ನೇ ತಪ್ಪು ಮಾಡಿದರೆ, ಸದಸ್ಯರಲ್ಲಿ ಒಂಬತ್ತು ಜನರ ಹೆಸರನ್ನು ಚೀಟಿ ಎತ್ತಿ ಆರಿಸಿ, ಅವರ ಕೈಗೆ ನ್ಯಾಯ ಒಪ್ಪಿಸಬೇಕು.

"ಪ್ರತಿ ಕಸಕ್ಕೂ ಚೀಟಿ ಬರ್ಕೊಂಡ್ ಕೂತ್ರೆ ಹಣ್ಣು ಕೊಯ್ಯೋದು ಯಾವಾಗ ಮಾರಾಯ್ತಿ?" ಎಂದು ಆಸ್ಕೊ ಗೊಣಗಿದ.

"ಮೈನಸ್ ಮೂವತ್ತು ಡಿಗ್ರಿ ಚಳೀಲಿ ಕೈಗವಸು ತೆಗ್ದು ಬರ್ದಿದೀನಿ ಕಣೋ ನಾನು. ನೀನು ಅಡುಗೆಮನೇಲಿ ಬೆಚ್ಚಗೆ ಕೂತು ಬರಿಯೋಕೆ ಅಳ್ತೀಯಲ್ಲ!" ಎಂದಳು ತೈಮಿ.

ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಆ ಚೀಟಿಗಳ ಪುಟವೇ ಬುಟ್ಟಿಯಲ್ಲಿ ಅತಿ ಹೆಚ್ಚು ಓದುವ ಪುಟವಾಯಿತು. ಜನ ಬೆಳಗಿನ ಕಾಫಿಗೆ ಅದನ್ನೇ ತೆರೆಯುತ್ತಾರೆ. 'ಏನು: ನನ್ನದೇ ಉತ್ತರ. ಯಾಕೆ: ಕಾಫಿ ಕುಡಿಯುವ ಮೊದಲು ಬರೆದದ್ದು, ಸಿಡುಕು ತುಂಬಿದೆ. ಯಾರು: ತೈಮಿ.' 'ಏನು: ಆಸ್ಕೊನ ಅಣಬೆ ಚಿತ್ರ. ಯಾಕೆ: ತಿನ್ನಬಹುದು ಎಂದು ಬರೆದಿದ್ದಾನೆ, ತಿಂದರೆ ಉಳಿಯುವುದಿಲ್ಲ. ಯಾರು: ತೈಮಿ.' ಬುಟ್ಟಿಯನ್ನು ಬಿಟ್ಟುಹೋಗಿದ್ದವರೆಲ್ಲ ಒಬ್ಬೊಬ್ಬರಾಗಿ ಮರಳಿ ಬಂದರು. ಜಗಳವೇನೂ ಕಡಿಮೆಯಾಗಲಿಲ್ಲ ಬಿಡಿ. ಯಾರ ಜೊತೆ ಜಗಳ ಎಂದು ಗೊತ್ತಾದ ಮೇಲೆ ಜಗಳಕ್ಕೂ ಒಂದು ರುಚಿ ಬಂತು.

ಇನ್ನು ನಿಯಮ ನಾಲ್ಕರ ಮಾತು. ಬೇರೆಯವರ ಹಣ್ಣಿನ ಜಾಗವನ್ನು ಬಯಲು ಮಾಡಬಾರದು. ಉಳಿದ ನಿಯಮಗಳಿಗೆ ನಾವು ಗಂಟೆಗಟ್ಟಲೆ ಕಿತ್ತಾಡಿದ್ದೆವು, ಇದಕ್ಕೆ ಮಾತ್ರ ಮೂವರೂ ಒಂದೇ ಸಲಕ್ಕೆ ತಲೆಯಾಡಿಸಿದ್ದೆವು. ಕಾಡು ಯಾರದ್ದೇ ಆಗಲಿ, ಕಾಡಿನ ಹಣ್ಣನ್ನು ಯಾರು ಬೇಕಾದರೂ ಕೊಯ್ಯಬಹುದು, ಅದು ಕಾನೂನು. ಆದರೆ ಹಿಲ್ಲಾ ಹಣ್ಣಿನ ಜೌಗು ಎಲ್ಲಿದೆ ಎಂದು ಹೇಳದೆ ಇರುವುದು ಕಾನೂನಿಗಿಂತ ದೊಡ್ಡದು. ಹಿಲ್ಲಾ ಒಂದು ಕಡ್ಡಿಗೆ ಒಂದೇ ಹಣ್ಣು. ಕಾಯಿದ್ದಾಗ ಕೆಂಪು, ಹಣ್ಣಾದರೆ ಹೊನ್ನಿನ ಬಣ್ಣ. ಜುಲೈ ತಿಂಗಳ ಕೊನೆಗೆ ಹತ್ತು ದಿನ ಸಿಕ್ಕರೆ ಸಿಕ್ಕಿತು. ಆ ಹತ್ತು ದಿನ ನಮ್ಮಲ್ಲಿ ಅಣ್ಣತಮ್ಮಂದಿರೂ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಾರೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ತೈಮಿಯ ಜೌಗು ಇಡೀ ಸೀಮೆಗೆ ಒಗಟು. ಪ್ರತಿ ವರ್ಷ ಅವಳ ಎರಡು ಬಕೆಟ್ ತುಂಬಿ ಬರುತ್ತದೆ, ಬರಗಾಲದ ವರ್ಷವೂ. ಒಂಬತ್ತು ವರ್ಷದವಳಿದ್ದಾಗ ಅವಳ ತಾಯಿ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ್ದಂತೆ. ಅಲ್ಲಿಂದೀಚೆಗೆ ಅವಳು ಯಾರಿಗೂ ತುಟಿ ಪಿಟಕ್ಕೆಂದಿಲ್ಲ. ಒಂದು ಸಲ ಆಸ್ಕೊ ಕದ್ದು ಹಿಂದೆ ಹೋಗಿದ್ದ. ಅವಳಿಗೆ ಮೊದಲ ತಿರುವಿನಲ್ಲೇ ಗೊತ್ತಾಗಿತ್ತು. ಸೊಳ್ಳೆಗಳ ನಡುವೆ ಹದಿನಾಲ್ಕು ಕಿಲೋಮೀಟರು ಸುತ್ತಿಸಿ, ಚೆನ್ನಾಗಿ ಚಳ್ಳೆಹಣ್ಣು ತಿನ್ನಿಸಿ, ಕೊನೆಗೆ ಅವನದೇ ಮನೆಯ ಹಿತ್ತಿಲಿಗೆ ತಂದು ಬಿಟ್ಟಳು. ಬೇರೆಯವರ ಮಾತು ಹಾಗಿರಲಿ, ಗಂಡ ಕಲೆವಿಗೂ ಹೇಳಿರಲಿಲ್ಲ. ಮದುವೆಯಾಗಿ ಮೂವತ್ತೊಂಬತ್ತು ವರ್ಷ. ಕಲೆವಿ ಮೀನಿನವನು. ದೋಣಿ, ಬಲೆ, ಸರೋವರ, ದಿನಕ್ಕೆ ಹತ್ತು ಮಾತು. ಬುಟ್ಟಿಗೆ ಅವನು ಕಾಲಿಟ್ಟವನೇ ಅಲ್ಲ.

ಹೋದ ಜುಲೈ ತಿಂಗಳ ಒಂದು ಭಾನುವಾರ. ನಾನು ತೈಮಿಯ ಮನೆಯಲ್ಲಿ ಕಾಫಿಗೆ ಕೂತಿದ್ದೆ. ಮೇಜಿನ ಮೇಲೆ ಏಲಕ್ಕಿ ಬನ್ನು, ಗಿಣ್ಣುಹಾಲಿನಿಂದ ಮಾಡಿ ಒಲೆಯಲ್ಲಿ ಕಂದಿಸಿದ ಚೀಸು, ಹಲ್ಲಿಗೆ ಸಿಕ್ಕರೆ ಕೀಚ್ ಕೀಚ್ ಎನ್ನುವಂಥದ್ದು. ಹೊರಗೆ ಕಲೆವಿ ಮಗುಚಿಟ್ಟ ದೋಣಿಗೆ ಕೊಳೆಯದಿರಲೆಂದು ಮರದ ಟಾರು ಬಳಿಯುತ್ತಿದ್ದ, ಅದರ ಹೊಗೆವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ತೈಮಿ ಟ್ಯಾಬ್ಲೆಟ್ಟಿನಲ್ಲಿ ಬುಟ್ಟಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಬನ್ನನ್ನು ತಟ್ಟೆಗೆ ಇಟ್ಟಳು. ಮುಖ ಬಿಳಿಚಿಕೊಂಡಿತು. ಮೂರು ಸಲ ಬೆರಳಿನಿಂದ ಒತ್ತಿದಳು, ಏನೋ ನಾಲ್ಕು ಅಕ್ಷರ ಬರೆದಳು, ಟ್ಯಾಬ್ಲೆಟ್ಟನ್ನು ಬೋರಲು ಹಾಕಿದಳು.

"ಏನಾಯ್ತೇ?" ಎಂದೆ.

"ಏನಿಲ್ಲ. ನಿಯಮ ನಾಲ್ಕು," ಎಂದಳು. ಆಮೇಲೆ ಅರ್ಧ ಗಂಟೆ ಅವಳು ಮಾತಾಡಿದ್ದೆಲ್ಲ ಹವೆಯ ಬಗ್ಗೆ. ತೈಮಿ ಹವೆಯ ಬಗ್ಗೆ ಮಾತಾಡಿದರೆ ಏನೋ ಆಗಿದೆ ಎಂದೇ ಅರ್ಥ.

ಮನೆಗೆ ಹೋಗಿ ಚೀಟಿ ನೋಡಿದೆ. 'ಏನು: ಎವೆಲೀನಾಳ ಚಿತ್ರ ಮತ್ತು ನಕ್ಷೆ. ಯಾಕೆ: ನಿಯಮ ನಾಲ್ಕು, ಬೇರೆಯವರ ಜಾಗ ಬಯಲು ಮಾಡಿದೆ. ಯಾರು: ತೈಮಿ.' ಎವೆಲೀನಾ ಅಂದರೆ ಏಪ್ರಿಲ್ಲಿನಲ್ಲಿ ದಕ್ಷಿಣದ ತುರ್ಕು ಪಟ್ಟಣದಿಂದ ನಮ್ಮೂರ ಔಷಧಿ ಅಂಗಡಿಗೆ ಬಂದ ಹುಡುಗಿ, ಮೂವತ್ತರ ಆಸುಪಾಸು, ಮಾತ್ರೆ ಕೊಡುವಾಗಲೂ ನಗುವವಳು. ಅವಳು ಎಲ್ಲೋ ಅಡ್ಡಾಡುತ್ತ ಒಂದು ಜೌಗು ಕಂಡು, ಚಿತ್ರ ತೆಗೆದು, ನಕ್ಷೆಯ ಮೇಲೆ ಚುಕ್ಕೆ ಇಟ್ಟು, 'ಎಲ್ಲರೂ ಬನ್ನಿ, ಎಲ್ಲರಿಗೂ ಸಾಕಾಗುವಷ್ಟಿದೆ!' ಎಂದು ಬರೆದಿದ್ದಳಂತೆ. ಅಳಿಸುವ ಮೊದಲು ನೋಡಿದವರು ಇಬ್ಬರೋ ಮೂವರೋ. ದಕ್ಷಿಣದವರು ಮಾತ್ರ ಮಾಡಬಹುದಾದ ತಪ್ಪು.

ಆದರೆ ಆ ಹುಡುಗಿ ಅಳಲಿಲ್ಲ, ಬೈಯಲಿಲ್ಲ. ಚೀಟಿಯ ಕೊನೆಗೆ ಇರುವ 'ಎಲ್ಲಿ ಕೇಳಬೇಕು' ಸಾಲನ್ನು ಓದಿ, ಕೇಳಬೇಕಾದ ಜಾಗದಲ್ಲಿ ಹೋಗಿ ಕೇಳಿದಳು:

'ನಮಸ್ಕಾರ. ಆ ಜೌಗನ್ನು ನಾನೇ ನಡೆದು ಹುಡುಕಿದ್ದು, ಯಾರೂ ತೋರಿಸಿದ್ದಲ್ಲ. ನನ್ನ ಜಾಗವನ್ನು ನಾನೇ ಹೇಳಿದರೆ ನಿಯಮ ನಾಲ್ಕು ತಡೆಯುವುದಿಲ್ಲ. ಬೇರೆಯವರ ಜಾಗ ಎಂದು ತೈಮಿಯವರು ಬರೆದಿದ್ದಾರೆ. ಆ ಬೇರೆಯವರು ಯಾರು? ತೈಮಿಯವರಿಗೆ ಅದು ಹೇಗೆ ಗೊತ್ತು?'

ಸಂಜೆಯೊಳಗೆ ನಲವತ್ತಮೂರು ಜನ ಅದಕ್ಕೆ ಹೆಬ್ಬೆರಳು ಎತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ತೈಮಿಯನ್ನು ದೇವರಂತೆ ನಂಬುವವರೇ.

ಮರುದಿನ ಮಧ್ಯಾಹ್ನ ಮೂವರೂ ಕಿಟಕಿ ಮೇಜಿಗೆ ಕೂತೆವು. ತೈಮಿ ಹೇಳಿದಳು, ಬೂಟಿನ ತುದಿ ನೋಡುತ್ತ: "ಅದು ನನ್ನದು."

ಆಸ್ಕೊಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿಯಿಂದ ಎದ್ದೇ ಬಿಟ್ಟ. "ಆ ಜೌಗಾ! ಬಕೆಟ್ಟಿನ ಜೌಗಾ! ಅಯ್ಯೋ ದೇವ್ರೇ, ಅಳಿಸಿದ್ದು ಅಡ್ಮಿನ್‌ಗಳಿಗೆ ಕಾಣುತ್ತಲ್ವಾ? ನಾನಿನ್ನೂ ನೋಡೇ ಇಲ್ಲ!"

"ನೋಡಿದ್ರೆ ಕಣ್ಣು ಕೀಳ್ತೀನಿ," ಎಂದಳು ತೈಮಿ.

"ನೋಡಲ್ಲ, ನೋಡಲ್ಲ. ಆಣೆಗೂ ನೋಡಲ್ಲ." ಅವನು ಕೂತ. ನಿಜ ಹೇಳಬೇಕೆಂದರೆ ಅವನು ನೋಡಲೇ ಇಲ್ಲ. ಆಸ್ಕೊನ ಬಗ್ಗೆ ನಾನು ಹೇಳುವ ಒಳ್ಳೆಯ ಮಾತು ಇದೊಂದೇ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಿಕ್ಕಿಹಾಕಿಕೊಂಡದ್ದು ಹೇಗೆ ನೋಡಿ. ಉತ್ತರ ಕೊಡದಿದ್ದರೆ ಚೀಟಿಯ ಮಾನ ಹೋಗುತ್ತದೆ. ಉತ್ತರ ಕೊಟ್ಟರೆ, ಆ ಜೌಗು ತನ್ನದು ಎಂದು ಸಾವಿರದ ಒಂಬೈನೂರು ಜನರ ಎದುರು ಬಾಯಿ ಬಿಡಬೇಕು. ಅಳಿಸಿದ್ದೇ ತಪ್ಪಾದರೆ ಎವೆಲೀನಾಳ ನಕ್ಷೆಯನ್ನೂ ವಾಪಸ್ ಹಾಕಬೇಕು. ಐವತ್ತೆಂಟು ವರ್ಷದ ಗುಟ್ಟು, ತಾಯಿ ಕೈಹಿಡಿದು ತೋರಿಸಿದ ಜಾಗ, ಒಂದೇ ದಿನದಲ್ಲಿ ರಟ್ಟು.

ಆಸ್ಕೊ ಗಡ್ಡ ಕೆರೆದುಕೊಂಡ. "ಯಂತ್ರದ ದೋಷದಿಂದ ಅಳಿಸಿ ಹೋಯ್ತು ಅಂತ ಬರಿ. ಯಾರ್ ಕೇಳ್ತಾರೆ? ಇಲ್ಲಾಂದ್ರೆ ಇವಳ ಹತ್ರ ಕೀಲಿ ಇದೆ, ಆ ಚೀಟೀನೇ ತೆಗೆದುಬಿಟ್ಟರಾಯ್ತು. ಚೀಟಿ ಇಲ್ಲ, ಪ್ರಶ್ನೆ ಇಲ್ಲ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಒಳ್ಳೆಯವಳ ಹಾಗೆ ಬೇಡ ಎಂದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ನಾನು ಬೇಡ ಎನ್ನಲಿಲ್ಲ. ಗೆಳತಿಯ ಆ ಮುಖ ನೋಡಲಾಗದೆ, "ಎರಡು ನಿಮಿಷದ ಕೆಲಸ," ಎಂದೆ. ಹೇಳಿದ್ದೇ ತಡ, ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ತೈಮಿ ಬೇಡ ಎಂದು ತಲೆಯಾಡಿಸಿದಳು. ಆಮೇಲೆ ಎಂದಳು, "ತೆಗೆದುಬಿಟ್ರೆ ನಾನೂ ಆ ಹೆಸರಿಲ್ಲದ ಅಡ್ಮಿನ್ನೂ ಒಂದೇ ಆದ್ವಿ ಕಣ್ರೇ. ಅವನಿಗೆ ಹನ್ನೊಂದು ದಿನ ಫೋನ್ ಮಾಡಿ ಪ್ರಾಣ ತಿಂದಿದೀನಿ. ನನಗೆ ಯಾರು ಫೋನ್ ಮಾಡ್ತಾರೆ?"

"ಆ ಹುಡುಗಿ ಮಾಡ್ತಾಳೆ," ಎಂದ ಆಸ್ಕೊ. "ನೋಡಿದ್ರೇನೇ ಗೊತ್ತಾಗುತ್ತೆ, ಬಿಡೋಳಲ್ಲ."

ತೈಮಿ ಅವತ್ತು ಮೊದಲ ಸಲ ನಕ್ಕಳು. "ಹೌದು. ನನ್ನ ಹಾಗೇ ಇದಾಳೆ, ಹಾಳಾದವಳು."

ಮೂರನೆಯ ದಿನ ಬೆಳಿಗ್ಗೆ ಅವಳು ಬರೆಯುವ ಮೊದಲು ಗಂಡನಿಗೆ ಹೇಳಬೇಕೆಂದು ನಿರ್ಧರಿಸಿದಳಂತೆ. ಊರಿಗೆಲ್ಲ ತಿಳಿದ ಮೇಲೆ ಅವನಿಗೆ ತಿಳಿಯುವುದು ಸರಿಯಲ್ಲವಲ್ಲ. ಕಾಫಿ ಮೇಜಿಗೆ ಕೂರಿಸಿ, ಕೈ ಹಿಡಿದುಕೊಂಡು, ಎಲ್ಲವನ್ನೂ ಹೇಳಿದಳು: ಯಾವ ದಾರಿ, ಯಾವ ಹಳ್ಳ, ಮೂರು ಸೊಟ್ಟ ಪೈನ್ ಮರ. ಕಲೆವಿ ಕೇಳಿಸಿಕೊಂಡ. "ಹೌದಾ," ಎಂದ. ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದ. ದೋಣಿಯ ಕಡೆ ಹೋದ.

"ಮೂವತ್ತೊಂಬತ್ತು ವರ್ಷ ಬಚ್ಚಿಟ್ಟಿದ್ದನ್ನ ಹೇಳಿದ್ರೆ, 'ಹೌದಾ' ಅಂತೆ ಕಣೇ, 'ಹೌದಾ'!" ಎಂದು ಅವಳು ನನಗೆ ಫೋನಿನಲ್ಲಿ ಕೂಗಿದಳು. "ಈ ಗಂಡಸಿಗೆ ರಕ್ತ ಇದೆಯೋ ಸರೋವರದ ನೀರಿದೆಯೋ!" ಆ ಸಿಟ್ಟಿನಲ್ಲೇ ಕೂತು ಉತ್ತರ ಬರೆದಳು. ಅದು ಹೀಗಿತ್ತು:

'ಎವೆಲೀನಾ ಕೇಳಿದ್ದಕ್ಕೆ ಉತ್ತರ. ಆ ಬೇರೆಯವರು ನಾನೇ. ನನ್ನ ತಾಯಿ ತೋರಿಸಿದ ಜೌಗು ಅದು, ಐವತ್ತೆಂಟು ವರ್ಷದಿಂದ ಅಲ್ಲೇ ಕೊಯ್ಯುತ್ತಿದ್ದೇನೆ. ಆದರೆ ಕೊಯ್ದ ಮಾತ್ರಕ್ಕೆ ಅದು ನನ್ನದಾಗುವುದಿಲ್ಲ, ನಾನೇ ಹುಡುಕಿದೆ ಎಂದವಳು ಸುಳ್ಳು ಹೇಳಿಲ್ಲ. ನಿಯಮ ನಾಲ್ಕು ಅವಳಿಗೆ ತಾಗುವುದಿಲ್ಲ. ನಾನು ಅಳಿಸಿದ್ದು ನಿಯಮಕ್ಕಾಗಿ ಅಲ್ಲ, ಹೊಟ್ಟೆಯುರಿಗೆ. ಚೀಟಿಯಲ್ಲಿ ಕಾರಣ ಸುಳ್ಳು ಬರೆದಿದ್ದೇನೆ. ಇಷ್ಟು ವರ್ಷದಲ್ಲಿ ಇದೇ ಮೊದಲು, ಇದೇ ಕೊನೆ. ಚಿತ್ರ, ನಕ್ಷೆ ಎರಡನ್ನೂ ವಾಪಸ್ ಹಾಕಿದ್ದೇನೆ. ಉಳಿದದ್ದನ್ನು ಒಂಬತ್ತು ಜನ ಹೇಳಲಿ. ತೈಮಿ.'

ಆಮೇಲೆ ಮಾತು ಶುರುವಾಯಿತು ನೋಡಿ, ಯಂತ್ರ ಬಿಸಿಯೇರಿ ನಾನು ಫ್ಯಾನು ಹಚ್ಚಬೇಕಾಯಿತು. 'ಪಾಪ' ಎಂದವರು, 'ಹೀಗೇ ಆಗ್ಬೇಕಿತ್ತು' ಎಂದವರು, 'ನನ್ನ ೨೦೧೯ರ ಬರಹ ಅಳಿಸಿದ್ದೂ ಹೊಟ್ಟೆಯುರಿಗೇ ಇರಬೇಕು' ಎಂದವರು. ಆ ೨೦೧೯ರ ಚೀಟಿಯನ್ನು ಯಾರೋ ಹುಡುಕಿ ತೆಗೆದು ತೋರಿಸಿದರು: ಅದನ್ನು ಅಳಿಸಿದ್ದು ಆಸ್ಕೊ, ಕಾರಣವೂ ಸರಿಯಾಗಿಯೇ ಇತ್ತು. ಹಳೆಯ ಚೀಟಿಗಳೆಲ್ಲ ಇದ್ದದ್ದಕ್ಕೆ ಅಷ್ಟು ಬೇಗ ಬಗೆಹರಿಯಿತು.

ಒಂಬತ್ತು ಹೆಸರನ್ನು ಎತ್ತಿದ್ದು ಗ್ರಂಥಾಲಯದಲ್ಲಿ, ನನ್ನ ಉಣ್ಣೆ ಟೋಪಿಯಿಂದ. ಅವರು ಎರಡು ದಿನ ಚರ್ಚಿಸಿ ತೀರ್ಪು ಕೊಟ್ಟರು. ಒಂದು, ತೈಮಿ ಮೊದಲ ಹಿಮ ಬೀಳುವವರೆಗೆ ಅಡ್ಮಿನ್ ಅಲ್ಲ. ಎರಡು, ಎವೆಲೀನಾಗೆ ಒಂದು ಬಾಟಲಿ ಹಿಲ್ಲಾ ಜಾಮ್ ಕೊಡಬೇಕು. ಮೂರು, ತಾನೇ ತಪ್ಪು ಒಪ್ಪಿಕೊಂಡದ್ದಕ್ಕೆ ಒಂಬತ್ತು ಜನರ ಪರವಾಗಿ ಅವಳಿಗೆ ವಂದನೆ. ತೈಮಿ ಮೂರನೆಯದಕ್ಕೆ ಆಕ್ಷೇಪಣೆ ಹಾಕಿದಳು, ಅದು ನಿಯಮದಲ್ಲಿ ಇಲ್ಲ ಅಂತ. ಒಂಬತ್ತು ಜನ ತಳ್ಳಿಹಾಕಿದರು.

ಇಷ್ಟಾದರೂ ಅವಳಿಗೆ ನಿಜವಾದ ಭಯ ಇದ್ದದ್ದು ಶನಿವಾರದ್ದು. ಹಣ್ಣು ಮಾಗುವ ದಿನ ಅದು. ನಕ್ಷೆ ಎಲ್ಲರ ಕೈಯಲ್ಲಿತ್ತು. "ಸಂತೆ ನೆರೆದಿರುತ್ತೆ," ಎಂದಳು. "ನೋಡೋಕಾಗಲ್ಲ. ಆದ್ರೂ ನೋಡ್ಲೇಬೇಕು. ನೀನೂ ಬಾ." ದಾರಿಯಲ್ಲಿ ಔಷಧಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಎವೆಲೀನಾಳನ್ನೂ ಹತ್ತಿಸಿಕೊಂಡಳು.

"ನನ್ನ ಮೇಲೆ ಸಿಟ್ಟಿಲ್ವಾ ನಿಮ್ಗೆ?" ಎಂದಳು ಹುಡುಗಿ.

"ಬೇಕಾದಷ್ಟಿದೆ. ಬಕೆಟ್ ತಂದಿದೀಯಾ?"

"ತಂದಿದೀನಿ."

"ಮತ್ತೆ ಬಾಯ್ಮುಚ್ಕೊಂಡು ಹತ್ತು."

ಕಾರು ಬಿಟ್ಟು ನಲವತ್ತು ನಿಮಿಷ ನಡೆದೆವು. ದಾರಿ ಎನ್ನುವಂಥ ದಾರಿಯಿಲ್ಲ. ಕೊನೆಗೆ ಒಂದು ಹಳ್ಳ, ಅದರ ಮೇಲೆ ಅಕ್ಕಪಕ್ಕ ಎರಡು ದಿಮ್ಮಿ, ದಾಟಿದರೆ ಮೂರು ಸೊಟ್ಟ ಪೈನ್ ಮರ, ಅದರಾಚೆ ಜೌಗು. ಉದ್ದಕ್ಕೂ ಹೊನ್ನಿನ ಬಣ್ಣದ ಚುಕ್ಕೆಗಳು. ಒಂದು ನರಪಿಳ್ಳೆಯಿಲ್ಲ. ದೂರದಲ್ಲಿ ಎರಡು ಕೊಕ್ಕರೆ, ಅಷ್ಟೇ. ಹುಲ್ಲಿನ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ತೈಮಿ ನಿಂತಲ್ಲೇ ನಿಂತಳು. "ಎಲ್ಲಿ ಎಲ್ರೂ?"

ಹಿಂದಿನಿಂದ ಕೆಮ್ಮು ಕೇಳಿಸಿತು. ಆಸ್ಕೊ, ಹಳ್ಳದ ಆಚೆ ದಡದಲ್ಲಿ, ಕೈ ಎರಡೂ ಖಾಲಿ. "ಕೊಯ್ಯೋಕೆ ಬಂದಿಲ್ಲಪ್ಪಾ! ಬಕೆಟ್ ಇಲ್ಲ, ನೋಡು! ಹದಿನಾಲ್ಕು ಕಿಲೋಮೀಟ್ರು ಸುತ್ತಿಸಿದ್ಯಲ್ಲ, ಒಂದ್ಸಲ ಕಣ್ಣಲ್ಲಾದ್ರೂ ನೋಡೋಣ ಅಂತ ಬಂದೆ."

"ಬೇರೆಯವ್ರು ಯಾಕೆ ಬಂದಿಲ್ಲೋ?"

"ಯಾರ್ ಬರ್ತಾರೆ? ಮೊನ್ನೆವರೆಗೂ ಇದು ಯಾರದ್ದೂ ಅಲ್ಲ, ಸಿಕ್ಕವರು ಕೊಯ್ಕೋಬಹುದಿತ್ತು. ಈಗ ತೈಮಿ ಜೌಗು ಅಂತ ಇಡೀ ಕೈನೂಗೆ ಗೊತ್ತು. ತೈಮಿ ಜೌಗಲ್ಲಿ ಬಕೆಟ್ ಹಿಡ್ಕೊಂಡು ಸಿಕ್ಕಿಬಿದ್ರೆ ಊರಲ್ಲಿ ಮುಖ ಎತ್ಕೊಂಡು ಓಡಾಡೋಕಾಗುತ್ತಾ?"

ಅವಳು ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ಕಾಯ್ದದ್ದನ್ನು, ಬಾಯಿ ಬಿಟ್ಟ ಮೂರೇ ದಿನದಲ್ಲಿ ಊರೆಲ್ಲ ಸೇರಿ ಕಾಯುತ್ತಿತ್ತು. ತೈಮಿ ನಗತೊಡಗಿದಳು. ನಾವೂ ನಕ್ಕೆವು. ಹೊಟ್ಟೆ ಹುಣ್ಣಾಗುವಷ್ಟು ನಕ್ಕದ್ದಕ್ಕೆ ಕೊಕ್ಕರೆಗಳೂ ಹಾರಿಹೋದವು. "ಬಾರೋ ಈ ಕಡೆ, ನನ್ನ ಟೋಪಿಗೆ ಕೊಯ್ಕೊ," ಎಂದಳು ಆಸ್ಕೊಗೆ.

ಅವನು ದಿಮ್ಮಿ ದಾಟುವಾಗ ಎವೆಲೀನಾ ಕೇಳಿದಳು, "ಈ ಸೇತುವೆ ಯಾರು ಮಾಡಿದ್ದು? ಹೋದ ವಾರಾನೂ ನೋಡ್ದೆ, ದಿಮ್ಮಿ ಹೊಸದಿದೆ ಅಲ್ವಾ?"

"ಪುರಸಭೆಯವ್ರು," ಎಂದಳು ತೈಮಿ. "ನಾಲ್ಕೈದು ವರ್ಷಕ್ಕೊಂದ್ಸಲ ಬದಲಾಯಿಸ್ತಾರೆ. ಒಳ್ಳೇ ಜನ."

ಆಸ್ಕೊ ದಿಮ್ಮಿಯ ನಡುವೆ ನಿಂತುಬಿಟ್ಟ. "ತೈಮಿ. ಮೂವತ್ತಾರು ವರ್ಷ ನಾನೇ ಪುರಸಭೇಲಿದ್ದೆ. ರಸ್ತೆ, ಸೇತುವೆ ಎಲ್ಲ ನನ್ನದೇ. ಪುರಸಭೆಗೆ ಇಲ್ಲೊಂದು ಹಳ್ಳ ಇದೆ ಅಂತಾನೇ ಗೊತ್ತಿಲ್ಲ."

ತೈಮಿ ನಿಧಾನವಾಗಿ ಮಂಡಿಯೂರಿ, ದಿಮ್ಮಿಯ ಮೇಲೆ ಬಗ್ಗಿ, ಮೂಗಿಟ್ಟು ಮೂಸಿದಳು. ಮರದ ಟಾರು. ದೋಣಿಗೆ ಬಳಿಯುವಂಥದ್ದು. ಅವಳ ಅಡುಗೆಮನೆಯ ಕಿಟಕಿಯಿಂದ ಪ್ರತಿ ಬೇಸಿಗೆ ಒಳಗೆ ಬರುವ ಅದೇ ವಾಸನೆ. ಇಷ್ಟು ವರ್ಷ ಅದರ ಮೇಲೆ ನಡೆದಾಡಿಯೂ ಅವಳಿಗೆ ಹೊಳೆದಿರಲಿಲ್ಲ. ಅವಳು ಹಾಗೇ ದಿಮ್ಮಿಯ ಮೇಲೆ ಕೂತಳು. ಕಣ್ಣು ತುಂಬಿ ಬಂತು. ನನಗೂ ಬಂತು, ಮುಚ್ಚಿಡುವುದೇನು.

ಆ ದಿನ ಮಧ್ಯಾಹ್ನ ದೋಣಿಕಟ್ಟೆಗೆ ಹೋಗಿ ಅವಳು ಗಂಡನ ಎದುರು ಬಕೆಟ್ ಇಟ್ಟಳು. ನಾನು ಮೇಲೆ ಅಂಗಳದಲ್ಲಿದ್ದೆ, ಎಲ್ಲ ಕೇಳಿಸುತ್ತಿತ್ತು. ಕಲೆವಿ ಬಾಯಿ ತೆರೆದ. "ಬಾಯಲ್ಲಿ ಹೇಳ್ಬೇಡ," ಎಂದಳು. "ಚೀಟಿ ಬರಿ. ಎಲ್ರಿಗೂ ಒಂದೇ ನಿಯಮ."

ಮರುದಿನ ಬೆಳಿಗ್ಗೆ ಬುಟ್ಟಿಗೆ ಹೊಸ ಸದಸ್ಯನೊಬ್ಬ ಸೇರಿದ್ದ. ಅವನ ಮೊದಲ ಬರಹವನ್ನು ನಾನೇ ಎತ್ತಿ ಚೀಟಿಗಳ ಪುಟದ ಮೇಲ್ತುದಿಗೆ ಹಾಕಿದೆ, ತೈಮಿ ಆಗ ಅಡ್ಮಿನ್ ಆಗಿರಲಿಲ್ಲವಲ್ಲ. ಅದು ಈಗಲೂ ಅಲ್ಲೇ ಇದೆ:

'ಏನು: ಹಳ್ಳದ ಮೇಲಿನ ಎರಡು ದಿಮ್ಮಿ. ೧೯೮೯ರಿಂದ ಒಂಬತ್ತು ಸಲ ಬದಲಾಯಿಸಿದ್ದೇನೆ.

ಯಾಕೆ: ಆ ವರ್ಷ ಅವಳು ಕಾಫಿ ಫ್ಲಾಸ್ಕು ಮರೆತು ಹೋಗಿದ್ದಳು. ಕೊಡೋಣ ಎಂದು ಹೆಜ್ಜೆ ಹಿಡಿದು ಹೋದೆ. ಜೌಗಿನಲ್ಲಿ ಒಬ್ಬಳೇ ಹಾಡಿಕೊಂಡು ಕೊಯ್ಯುತ್ತಿದ್ದಳು. ಕರೆಯಲಿಲ್ಲ, ಹಿಂದಿರುಗಿದೆ. ಅವಳ ಬೂಟು ಒದ್ದೆಯಾಗಿತ್ತು.

ಇಷ್ಟು ದಿನ ಹೇಳದಿದ್ದುದು ಯಾಕೆ: ಅವಳು ಹೇಳಿರಲಿಲ್ಲ.

ಯಾರು: ಕಲೆವಿ.

ಒಪ್ಪದಿದ್ದರೆ ಎಲ್ಲಿ ಕೇಳಬೇಕು: ದೋಣಿಕಟ್ಟೆ.'

ತೈಮಿ ಅದನ್ನು ಎರಡು ಸಲ ಓದಿದಳು. ಆಮೇಲೆ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು, ಎರಡು ಲೋಟ ಹಿಡಿದುಕೊಂಡು, ಕೇಳಲು ಹೋದಳು.